ಚಿತ್ರಗುಪ್ತನ ಜೊತೆ ಅಶೋಕ ಸಿದ್ದಾಪುರಕ್ಕೆ

ಚಿತ್ರದುರ್ಗದ ಮೇಲೇ ಹಾದುಹೋಗಿ ಕೋಟೆ ನೋಡದೆ ಬಂದೆವು ಅಂದರೆ ಜನ ನಗುತ್ತಾರೆ. ನಗಲಿ. ಕೋಟೆ ಎಲ್ಲರೂ ನೋಡಿದ್ದೇ. ನಮಗೆ ಬೇಕಾಗಿದ್ದು ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಅಶೋಕನ ಶಾಸನ ಇರುವ ಮೂರು ಬಂಡೆಗಳು.

ಜೊತೆಗೆ ಬಂದವರು ನನ್ನ ಸೋದರಮಾವ. ಗ್ರಾಮ ಲೆಕ್ಕಿಗರಾಗಿ ರಿಟೈರ್ ಆದವರು. ಶಾನುಭೋಗಿಕೆ 1963ರಲ್ಲಿ ಹೋದಮೇಲೆ ಬಂದ ಹುದ್ದೆ ಅದು. ಪಹಣಿ ಕಂಪ್ಯೂಟರಿಗೆ ಹೋಗುವ ಮುಂಚೆ ಅದನ್ನು ಕೈಯಲ್ಲೇ ಬರೆದವರು. ಯಾರ ಹೊಲದಲ್ಲಿ ಏನು ಬೆಳೆ, ಯಾರು ಯಾರಿಗೆ ಎಷ್ಟು ಗುಂಟೆ ಮಾರಿದರು, ಯಾರು ಸತ್ತರು, ಖಾತೆ ಯಾರ ಹೆಸರಿಗೆ ಬಂತು, ಎಲ್ಲ ಅವರ ಬಾಯಲ್ಲೇ ಇರುತ್ತಿತ್ತು. ಊರವರು ಹಿಂದಿನಿಂದ ‘ಚಿತ್ರಗುಪ್ತ’ ಅನ್ನುತ್ತಿದ್ದರು. ಮಾವನಿಗೂ ಗೊತ್ತಿತ್ತು. ಬೇಜಾರೇನೂ ಇರಲಿಲ್ಲ, ಸ್ವಲ್ಪ ಖುಷಿಯೇ ಇತ್ತು ಅನ್ನಿಸುತ್ತೆ.

ದಾವಣಗೆರೆ ಬಿಟ್ಟಾಗ ಇನ್ನೂ ಕತ್ತಲು. ಚಿತ್ರದುರ್ಗ ದಾಟಿ ಚಳ್ಳಕೆರೆಯಲ್ಲಿ ಮಂಡಕ್ಕಿ, ಮಿರ್ಚಿ, ಎರಡೆರಡು ಚಾ. ಅಲ್ಲಿಂದ ಮುಂದೆ ಬಳ್ಳಾರಿ ರಸ್ತೆ. ಮರ ಕಡಿಮೆ, ಕಲ್ಲುಗುಡ್ಡ ಜಾಸ್ತಿ, ನಡುವೆ ಶೇಂಗಾ ಹೊಲ.

ದಾರಿಯಲ್ಲಿ ಮಾತು ಚಿತ್ರಗುಪ್ತನ ಮೇಲೇ ಹೋಯಿತು. "ಆ ಚಿತ್ರಗುಪ್ತ ಸ್ಥಳ ತನಿಖೆಗೆ ಹೋಗೋನೇ ಅಲ್ಲಲೇ," ಅಂದರು ಮಾವ. "ಆಫೀಸಲ್ಲಿ ಕೂತ್ಕೊಂಡು ಬರಿಯೋನು. ತಿರುಗೋರು ಬೇರೆ." ತಿರುಗುವವರು ಅಂದರೆ ಶ್ರವಣರು. ಗರುಡ ಪುರಾಣದಲ್ಲಿ ಬರುತ್ತಾರೆ, ಬ್ರಹ್ಮನ ಮಕ್ಕಳು. ಸ್ವರ್ಗ, ಭೂಮಿ, ಪಾತಾಳ ಎಲ್ಲ ಸುತ್ತಿ, ದೂರದಿಂದಲೇ ಮನುಷ್ಯರ ಮಾತು ಕೇಳಿ, ಕೆಲಸ ನೋಡಿ, ಚಿತ್ರಗುಪ್ತನಿಗೆ ವರದಿ ಕೊಡುತ್ತಾರೆ. ಹೆಂಗಸರ ವಿಷಯ ತಿಳಿಯೋದಕ್ಕೆ ಅವರ ಹೆಂಡತಿಯರು, ಶ್ರವಣಿಯರು, ಬೇರೆ ಇದ್ದಾರೆ. ಸಾವಿನ ಮನೆಯಲ್ಲಿ ಓದಿಸುವ ಪುರಾಣವಾದ್ದರಿಂದ ನಾನು ಎಂದೂ ಗಮನ ಕೊಟ್ಟು ಕೇಳಿರಲಿಲ್ಲ. ಮಾವ ಮಾತ್ರ ಈ ಭಾಗವನ್ನು ಕಿವಿಗೊಟ್ಟು ಕೇಳಿದ್ದಾರೆ. "ಓಡಾಡಿದ್ದು ಅವರು, ಹೆಸರು ಇವನದು. ಇಲಾಖೆ ಅಂದ್ರೆ ಹಂಗೇ."

ಬ್ರಹ್ಮಗಿರಿ ದೂರದಿಂದ ನೋಡಿದರೆ ಆ ಕಡೆಯ ಎಲ್ಲ ಗುಡ್ಡಗಳ ಥರಾನೇ ಇದೆ. ಬುಡದಲ್ಲಿ ನೆರಳು ಕಟ್ಟಿ ಕಾಪಾಡಿರುವ ಬಂಡೆಯೇ ಅಕ್ಷರಗುಂಡು. ಅದರ ಮೇಲೆ ಬ್ರಾಹ್ಮಿ ಲಿಪಿಯಲ್ಲಿ, ಪ್ರಾಕೃತ ಭಾಷೆಯಲ್ಲಿ ಅಶೋಕನ ಶಾಸನ. 1892ರಲ್ಲಿ ಶಾಸನತಜ್ಞ ಬಿ. ಎಲ್. ರೈಸ್ ಇದನ್ನೂ, ಪಕ್ಕದ ಸಿದ್ದಾಪುರದ್ದನ್ನೂ, ಜಟಿಂಗ ರಾಮೇಶ್ವರ ಬೆಟ್ಟದ್ದನ್ನೂ ಪತ್ತೆ ಮಾಡಿದರು. ಜನ ಈಗ ಊರನ್ನೇ ಅಶೋಕ ಸಿದ್ದಾಪುರ ಅನ್ನುತ್ತಾರೆ.

ಮಾವ ಕನ್ನಡಕ ಒರೆಸಿಕೊಂಡು ಬಗ್ಗಿದರು. ಬ್ರಾಹ್ಮಿಯಲ್ಲಿ ‘ಕ’ ಅಂದರೆ ಕೂಡುವ ಚಿಹ್ನೆ, ನೆಟ್ಟಗೆ ಒಂದು ಗೀರು, ಅಡ್ಡ ಒಂದು ಗೀರು. "ಇದೇನಲೇ, ಹೋದಲ್ಲೆಲ್ಲ ಕೂಡೋ ಲೆಕ್ಕ ಹಾಕ್ಯಾನೆ?" ಅಂದರು. ನಾನು ಮೊಬೈಲಿನಲ್ಲಿದ್ದ ಅನುವಾದ ಓದುತ್ತಾ ಹೋದೆ. ಸುವರ್ಣಗಿರಿಯಿಂದ ಆರ್ಯಪುತ್ರ (ಅಂದರೆ ರಾಜಕುಮಾರ) ಮತ್ತು ಮಹಾಮಾತ್ರರು (ಅಂದರೆ ದೊಡ್ಡ ಅಧಿಕಾರಿಗಳು) ಇಸಿಲದ ಮಹಾಮಾತ್ರರ ಆರೋಗ್ಯ ವಿಚಾರಿಸಿ, ಹೀಗೆ ಹೇಳಬೇಕು. ದೇವಾನಾಂಪ್ರಿಯನ ಅಪ್ಪಣೆ ಇದು...

"ನಿಲ್ಸು," ಅಂದರು ಮಾವ. "ಇದು ಸುತ್ತೋಲೆ. ಮೇಲಿನ ಆಫೀಸಿಂದ ಕೆಳಗಿನ ಆಫೀಸಿಗೆ ಬಂದ ಕಾಗದ. ಒಳಗಿನ ವಿಷಯ ಅಷ್ಟೇ ಕೆತ್ತಬೇಕಿತ್ತು. ಇವ್ರು ಇಂಥವರಿಂದ ಇಂಥವರಿಗೆ ಅನ್ನೋದನ್ನೂ ಸೇರಿಸಿ ಕೆತ್ತಿಬಿಟ್ಟಾರೆ."

ಮಾತು ನಿಜ. ಈ ಮೂರು ಬಂಡೆಗಳ ವಿಶೇಷವೇ ಅದು. ಬೇರೆ ಕಡೆ ಹೆಚ್ಚಾಗಿ ರಾಜನ ಮಾತು ಮಾತ್ರ ಇದೆ, ಇಲ್ಲಿ ಕಾಗದದ ವಿಳಾಸವೂ ಉಳಿದಿದೆ. ಆ ಒಂದು ಸಾಲು ಇರದಿದ್ದರೆ ಇಸಿಲ ಅನ್ನುವ ಊರಿನ ಹೆಸರು ಇಲ್ಲಿ ಉಳಿಯುತ್ತಿರಲಿಲ್ಲ. ಬ್ರಹ್ಮಗಿರಿಯ ಸುತ್ತಲೇ ಇಸಿಲ ಇತ್ತು ಅಂತ ಆಮೇಲೆ ಅಗೆದು ನೋಡಿದವರು ಹೇಳಿದರು. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆದಾಗ ಕಲ್ಲಿನ ಕೊಡಲಿ ಹಿಡಿದ ಜನ, ಅವರ ನಂತರ ಚಪ್ಪಡಿ ಕಲ್ಲಿನ ಗೋರಿ ಕಟ್ಟಿದ ಜನ, ಅವರ ನಂತರದವರು, ಹೀಗೆ ಪದರ ಪದರವಾಗಿ ಸಿಕ್ಕರು.

ಒಳಗಿನ ವಿಷಯ ಸರಳ. ತಾನು ಎರಡೂವರೆ ವರ್ಷಕ್ಕೂ ಮೇಲೆ ಉಪಾಸಕನಾಗಿದ್ದೇನೆ (ಬುದ್ಧನನ್ನು ನಂಬುವ ಗೃಹಸ್ಥ), ಒಂದು ವರ್ಷ ಅಷ್ಟೇನೂ ಶ್ರಮಪಡಲಿಲ್ಲ, ಬೌದ್ಧ ಸಂಘದ ಹತ್ತಿರ ಬಂದಮೇಲೆ ಚೆನ್ನಾಗಿ ಶ್ರಮಪಟ್ಟೆ ಅನ್ನುತ್ತಾನೆ ರಾಜ. ಚಿಕ್ಕವರೂ ದೊಡ್ಡವರೂ ಶ್ರಮಪಡಲಿ. ತಂದೆ ತಾಯಿ ಮಾತು ಕೇಳಿ, ಪ್ರಾಣಿಗಳ ಮೇಲೆ ದಯೆ ಇರಲಿ, ಸತ್ಯ ಹೇಳಿ, ಶಿಷ್ಯ ಗುರುವಿಗೆ ಮರ್ಯಾದೆ ಕೊಡಲಿ. ನಡುವೆ ಒಂದು ಅಂಕಿ, 256. ಪ್ರವಾಸದಲ್ಲಿ ಕಳೆದ ರಾತ್ರಿಗಳ ಲೆಕ್ಕ ಅದು ಅನ್ನುವವರಿದ್ದಾರೆ. ಮಾವನಿಗೆ ಇದು ಬಹಳ ಹಿಡಿಸಿತು. "ಟಿಎ ಬಿಲ್ಲು," ಅಂದರು, ಅಂದರೆ ಪ್ರಯಾಣ ಭತ್ಯೆಯ ಲೆಕ್ಕ.

ಶಾಸನದ ಕೊನೆ ಭಾಗಕ್ಕಾಗಿಯೇ ನಾನು ಇಷ್ಟು ದೂರ ಬಂದಿದ್ದು. ಅಲ್ಲಿ ಬರೆದವನ ರುಜು ಇದೆ. ಚಪಡ ಅಂತ ಹೆಸರು. ಚಪಡ ಬರೆದ ಅನ್ನುವಷ್ಟು ಬ್ರಾಹ್ಮಿಯಲ್ಲಿದೆ. ‘ಲಿಪಿಕರ’, ಅಂದರೆ ಬರೆಯುವವನು, ಅನ್ನುವ ಪದ ಮಾತ್ರ ಖರೋಷ್ಠಿಯಲ್ಲಿದೆ. ಖರೋಷ್ಠಿ ಅಂದರೆ ಬಲದಿಂದ ಎಡಕ್ಕೆ ಬರೆಯುವ ಲಿಪಿ, ಗಾಂಧಾರದ ಕಡೆಯದು. ಅಂದರೆ ಈ ಮನುಷ್ಯ ಆ ಮೂಲೆಯವನೋ, ಆ ಕಡೆ ಕೆಲಸ ಕಲಿತವನೋ ಇರಬೇಕು. ಇಲ್ಲಿ ಆ ಲಿಪಿ ಓದುವವರು ಯಾರಿದ್ದರು? ಸುಮ್ನೆ ಬರೆದುಕೊಂಡಿದ್ದಾನೆ. ನನಗಂತೂ ಅದು ಸ್ವಲ್ಪ ಜಂಬ ಅಂತಲೇ ಅನ್ನಿಸಿತು, ಒಳ್ಳೇ ಜಂಬ.

ಇದಕ್ಕಿಂತ ಮಜಾ ಇನ್ನೊಂದಿದೆ. ಈ ಬಂಡೆಯಲ್ಲಿ ಅಶೋಕನ ಹೆಸರಿಲ್ಲ! ದೇವಾನಾಂಪ್ರಿಯ ಅನ್ನುವ ಬಿರುದಷ್ಟೇ ಇದೆ. ಆ ಬಿರುದಿನ ಜೊತೆ ಅಶೋಕ ಅನ್ನುವ ಹೆಸರೂ ಇರುವ ಶಾಸನ ಮೊದಲು ಸಿಕ್ಕಿದ್ದು 1915ರಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಹಾಗಾಗಿ ರೈಸ್ ಬಂದು ಈ ಬಂಡೆ ಓದಿದಾಗ ಅದರ ಮೇಲೆ ಸ್ವಂತ ಹೆಸರು ಸಿಕ್ಕಿದ್ದು ಗುಮಾಸ್ತನದು, ದೊರೆಯದಲ್ಲ.

ಮಾವನಿಗೆ ಇದನ್ನು ಹೇಳಿದೆ. ಜೋರಾಗಿ ನಕ್ಕರು. "ಕೆಳಗಿನ ರುಜು ನೋಡಿ ಕಾಗದದ ತೂಕ ಹೇಳೋದು ಕಣಪ್ಪ. ರುಜು ಹಾಕಿದೋನು ಸಿಕ್ಕಿಬೀಳ್ತಾನೆ, ಹಾಗೇ ಉಳೀತಾನೆ. ನಮ್ಮ ಚಿತ್ರಗುಪ್ತ ಎಲ್ಲಾದ್ರೂ ರುಜು ಹಾಕಿದ್ದು ಕೇಳೀಯಾ?" ಕೇಳಿಲ್ಲ. ಪಾಪ ಪುಣ್ಯದ ಕಡತ ಬರೆದವನನ್ನು ನಂಬುವುದು ಬಿಟ್ಟು ನಮಗೆ ಬೇರೆ ದಾರಿಯೇ ಇಲ್ಲ. ಮಾವ ಪ್ರತಿ ಪಹಣಿಯ ಕೆಳಗೂ ತಾರೀಖು ಹಾಕಿ ರುಜು ಹಾಕಿದ್ದರಂತೆ, ಒಮ್ಮೆ ಕೋರ್ಟಿಗೂ ಹೋಗಿಬಂದಿದ್ದರಂತೆ. ಆ ಕಥೆ ಸಿದ್ದಾಪುರದ ಬಂಡೆ ತಲುಪೋವರೆಗೂ ನಡೆಯಿತು.

ಸಿದ್ದಾಪುರದಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಅದೇ ಮಾತು, ಅದೇ ಚಪಡ.

ಜಟಿಂಗ ರಾಮೇಶ್ವರ ಹಾಗಲ್ಲ. ರಾವಣನ ಜೊತೆ ಕಾದಾಡಿ ಜಟಾಯು ಬಿದ್ದ ಜಾಗ ಅನ್ನುವ ನಂಬಿಕೆ ಅಲ್ಲಿಯದು. ಮೆಟ್ಟಿಲು ಹತ್ತುತ್ತಾ ಮಾವ ನಾಲ್ಕು ಕಡೆ ಕೂತರು. ಮೇಲಿನ ಶಾಸನ ಕೆತ್ತಿರುವುದು ಬಳೆಗಾರಗುಂಡಿನ ಮೇಲೆ. ಜಾತ್ರೆಯಲ್ಲಿ ಬಳೆ ಮಾರುವವರು ಅಲ್ಲೇ ಅಂಗಡಿ ಹಾಕುತ್ತಿದ್ದರಂತೆ. ಅಕ್ಷರಗಳು ಬಹಳ ಸವೆದಿವೆ. ಬೆರಳಲ್ಲಿ ಹುಡುಕಿದರೂ ಒಂದು ಸಾಲು ಸರಿಯಾಗಿ ಕೈಗೆ ಸಿಗಲಿಲ್ಲ. ನನಗೆ ಹೊಟ್ಟೆ ಉರಿಯಿತು. ಮಾವನಿಗೆ ಉರಿಯಲಿಲ್ಲ. ರೆಕಾರ್ಡ್ ರೂಮಿನ ಕಟ್ಟುಗಳನ್ನು ಗೆದ್ದಲು ತಿಂದದ್ದನ್ನು ಕಣ್ಣಾರೆ ಕಂಡವರು. "ಗೆದ್ದಲಿಗಿಂತ ಬಳೆಗಾರರು ವಾಸಿ. ಅವ್ರು ಕೂತ್ಕೊಂಡು ವ್ಯಾಪಾರನಾದ್ರೂ ಮಾಡಿದ್ರು. ಅದಕ್ಕೇ ಮೂರು ಪ್ರತಿ ತೆಗೆಸ್ಯಾನೆ ನೋಡು, ಜಾಣ."

ಹೋಗುವವರು ಬೆಟ್ಟ ಹತ್ತುವುದನ್ನು ಬೆಳಿಗ್ಗೆಗೇ ಇಟ್ಟುಕೊಳ್ಳಿ, ಬಂಡೆಗಳನ್ನು ಆಮೇಲೆ ನೋಡಿದರಾಯಿತು. ಮಧ್ಯಾಹ್ನ ಕಲ್ಲು ಕಾದು ಕಾಲಿಡೋಕೆ ಆಗಲ್ಲ. ನೀರು ಜಾಸ್ತಿ ಒಯ್ಯಿರಿ. ಓದಿಕೊಳ್ಳಲು ಅನುವಾದದ ಒಂದು ಪ್ರತಿ ಇರಲಿ. ಆಗೋದಾದರೆ ನಿಮ್ಮೂರಿನ ಹಳೇ ಗ್ರಾಮ ಲೆಕ್ಕಿಗರೊಬ್ಬರನ್ನೂ ಕರೆದುಕೊಂಡು ಹೋಗಿ.