ಓಕ್ಲೆಂಡ್ ಏಸ್ ಕಾರ್ಡುಗಳು: 57 ಸೀಸನ್‌ಗಳ ಸಂಗ್ರಹ ಎಲ್ಲಿಗೆ ಬಂತು

ನಾನು ಕೂಡಿಸುವುದು ಒಂದು ಅಮೆರಿಕನ್ ಬೇಸ್‌ಬಾಲ್ ತಂಡದ ಆಟಗಾರರ ಫೋಟೊ ಕಾರ್ಡುಗಳನ್ನು. ನನ್ನ ಸಂಗ್ರಹಕ್ಕೆ ಈಗ ಎರಡೂ ಕಡೆ ಗಡಿ ಬಿದ್ದಿದೆ. ಅಥ್ಲೆಟಿಕ್ಸ್, ಎಲ್ಲರ ಬಾಯಲ್ಲೂ ಏಸ್, ಕಾನ್ಸಾಸ್ ಸಿಟಿ ಬಿಟ್ಟು ಕ್ಯಾಲಿಫೋರ್ನಿಯಾದ ಓಕ್ಲೆಂಡಿಗೆ ಬಂದದ್ದು 1968ರಲ್ಲಿ. ಅಲ್ಲಿನ ಕೊಲಿಸಿಯಮ್ ಕ್ರೀಡಾಂಗಣದಲ್ಲಿ ಕೊನೆಯ ಪಂದ್ಯ ಆಡಿದ್ದು 2024ರ ಸೆಪ್ಟೆಂಬರ್ 26ರಂದು. ಈಗ ತಂಡ ವೆಸ್ಟ್ ಸ್ಯಾಕ್ರಮೆಂಟೊದಲ್ಲಿ ಆಡುತ್ತಿದೆ. ಮುಂದೆ ಲಾಸ್ ವೇಗಸ್‌ಗೆ ಹೋಗುವ ತಯಾರಿ ನಡೆದಿದೆ. ಹೆಸರಿನ ಮುಂದಿದ್ದ ಓಕ್ಲೆಂಡ್ ಹೋಗಿ ಬರೀ ಅಥ್ಲೆಟಿಕ್ಸ್ ಉಳಿದಿದೆ.

ಮೊದಲು ಯಾವ ಏಸ್ ಕಾರ್ಡು ಸಿಕ್ಕರೂ ಎತ್ತಿಡುತ್ತಿದ್ದೆ. ಫಿಲಡೆಲ್ಫಿಯಾ ಕಾಲದ್ದು, ಕಾನ್ಸಾಸ್ ಸಿಟಿ ಕಾಲದ್ದು, ಯಾವುದಾದರೂ ಸರಿ. ತಂಡ ಊರು ಬಿಟ್ಟ ಮೇಲೆ ಅವನ್ನೆಲ್ಲ ಬೇರೆ ಪೆಟ್ಟಿಗೆಗೆ ಹಾಕಿಬಿಟ್ಟೆ. ಈಗ ಬೇಕಾಗಿರುವುದು ಓಕ್ಲೆಂಡಿನ 57 ಸೀಸನ್‌ಗಳು ಮಾತ್ರ. ಟಾಪ್ಸ್ ಅನ್ನುವ ಕಂಪನಿ ಪ್ರತಿ ವರ್ಷ ತರುವ ಕಾರ್ಡಿನ ಸೆಟ್‌ನಲ್ಲಿ ಬಂದ ಏಸ್ ಆಟಗಾರರು ಎಲ್ಲರೂ ಬೇಕು, ದೊಡ್ಡ ಹೆಸರು ಇರಲಿ ಬಿಡಲಿ. ಜೊತೆಗೆ ಓಕ್ಲೆಂಡಿನ ಕಂಪನಿಗಳು ಹಂಚಿದ ಕಾರ್ಡುಗಳು. ಆಮೇಲೆ ಕೊಲಿಸಿಯಮ್‌ನ ಹಳೆ ಟಿಕೆಟ್, ಪುಸ್ತಿಕೆ, ಅಂಥವು.

ಗಡಿ ಹಾಕುವುದು ಕೇಳಲು ಸುಲಭ. ಆದರೆ ಎರಡೂ ತುದಿಯಲ್ಲಿ ತಕರಾರು ಇದೆ. ತಂಡ ಊರು ಬದಲಿಸಲು ಒಪ್ಪಿಗೆ ಸಿಕ್ಕಿದ್ದು 1967ರ ಅಕ್ಟೋಬರ್‌ನಲ್ಲಿ. 1968ರ ಕಾರ್ಡಿನ ಫೋಟೊಗಳು ಅದಕ್ಕೂ ಮೊದಲಿನವು. ಅದೇ ಹೊತ್ತಿಗೆ ಆಟಗಾರರ ಸಂಘದ ಮುಖ್ಯಸ್ಥ ಮಾರ್ವಿನ್ ಮಿಲ್ಲರ್, ಟಾಪ್ಸ್ ಕಂಪನಿ ಹೆಚ್ಚು ದುಡ್ಡು ಕೊಡುವವರೆಗೆ ಹೊಸ ಫೋಟೊಗೆ ನಿಲ್ಲಬೇಡಿ ಅಂತ ಆಟಗಾರರಿಗೆ ಹೇಳಿದ್ದರು. ಆಗ ಒಬ್ಬ ಆಟಗಾರನಿಗೆ ವರ್ಷಕ್ಕೆ ಸಿಗುತ್ತಿದ್ದುದು 125 ಡಾಲರ್. ಹೋರಾಟದ ನಂತರ ಅದು 250 ಆಯಿತು, ಮೇಲೆ ಮಾರಾಟದಲ್ಲಿ ಪಾಲೂ ಸಿಕ್ಕಿತು. ಹಾಗಾಗಿ 1968 ಮತ್ತು 1969ರ ಸೆಟ್‌ಗಳಲ್ಲಿ ಹಳೆ ಫೋಟೊ, ಟೋಪಿ ಇಲ್ಲದ ತಲೆಗಳು ತುಂಬಾ ಇವೆ. ಟೋಪಿ ಇಲ್ಲದಿದ್ದರೆ ಯಾವ ಊರು ಅಂತ ಗೊತ್ತಾಗುವುದಿಲ್ಲ ಅಲ್ವಾ?

ಇನ್ನೊಂದು ತುದಿಯಲ್ಲಿ ಇದಕ್ಕೆ ಉಲ್ಟಾ. 2025ರ ಫೆಬ್ರವರಿಯಲ್ಲಿ ಬಂದ ಟಾಪ್ಸ್ ಮೊದಲ ಸರಣಿಯಲ್ಲಿ ಇರುವುದು ಹಿಂದಿನ ಸೀಸನ್‌ನ ಫೋಟೊಗಳು. ಆಟಗಾರ ಹಾಕಿದ ಬಟ್ಟೆ ಓಕ್ಲೆಂಡ್ ಕಾಲದ್ದು, ಕಾರ್ಡು ಬಂದಾಗ ತಂಡ ಅಲ್ಲಿಲ್ಲ.

ನಾನು ಎರಡನ್ನೂ ಒಳಗೆ ತಗೊಂಡಿದ್ದೇನೆ. 1968ರ ಕಾರ್ಡು ಮಕ್ಕಳ ಕೈಗೆ ಬಂದಾಗ ತಂಡ ಓಕ್ಲೆಂಡಿನದು. 2025ರ ಕಾರ್ಡಿನ ಫೋಟೊ ತೆಗೆದಾಗಲೂ ತಂಡ ಓಕ್ಲೆಂಡಿನದು. ಇಬ್ಬರಲ್ಲಿ ಒಬ್ಬರನ್ನು ಹೊರಗೆ ನಿಲ್ಲಿಸಲು ನನಗೆ ಮನಸ್ಸು ಬರಲಿಲ್ಲ.

70ರ ದಶಕ ಬಹುಪಾಲು ಮುಗಿದಿದೆ. 1972, 1973, 1974, ಮೂರು ವರ್ಷ ಸತತ ವರ್ಲ್ಡ್ ಸೀರೀಸ್, ಅಂದರೆ ಸೀಸನ್‌ನ ಕೊನೆಯ ಫೈನಲ್ ಸರಣಿ, ಗೆದ್ದ ತಂಡ ಇದು. ಮಾಲೀಕ ಚಾರ್ಲಿ ಫಿನ್ಲೆ 1972ರಲ್ಲಿ ಮೀಸೆ ಬಿಟ್ಟ ಆಟಗಾರನಿಗೆ 300 ಡಾಲರ್ ಕೊಡುತ್ತೇನೆ ಅಂದರು. ಆಟಗಾರ ರೋಲಿ ಫಿಂಗರ್ಸ್‌ನ ತುದಿ ತಿರುವಿದ ಮೀಸೆ ಹುಟ್ಟಿದ್ದು ಅಲ್ಲೇ. ಕಾರ್ಡುಗಳನ್ನು ವರ್ಷದ ಪ್ರಕಾರ ಜೋಡಿಸಿ ನೋಡಿದರೆ, ಬೋಳು ಮುಖದ ಹುಡುಗರಿಗೆ ಒಮ್ಮೆಲೇ ಮೀಸೆ ಬಂದದ್ದು ಕಾಣುತ್ತದೆ. ಒಂದೊಂದೇ ಕಾರ್ಡು ಕೊಂಡರೆ ಇದು ಗೊತ್ತಾಗುವುದಿಲ್ಲ. ಇಡೀ ಟೀಮ್ ಸೆಟ್ ಕೂಡಿಸುವುದರ ಖುಷಿಯೇ ಇದು.

1971ರ ಸೆಟ್ ಕಾಡಿಸಿದ್ದು ಅದರ ಕಪ್ಪು ಅಂಚಿನಿಂದ. ಸ್ವಲ್ಪ ತಗುಲಿದರೂ ಕಪ್ಪು ಉದುರಿ ಬಿಳಿ ಕಾಣುತ್ತದೆ. ಒಳ್ಳೆಯ ಸ್ಥಿತಿಯದ್ದು ಬೇಕೆಂದರೆ ಬೆಲೆ ಎಲ್ಲಿಗೋ ಹೋಗುತ್ತದೆ. ನಾನು ಮೂಲೆ ಸವೆದದ್ದನ್ನೇ ತಗೊಂಡೆ. ಆ ವರ್ಷ ನಮ್ಮ ಪಿಚರ್ (ಚೆಂಡು ಎಸೆಯುವವನು) ವೈಡಾ ಬ್ಲೂ 24 ಪಂದ್ಯ ಗೆದ್ದು ಎಂವಿಪಿ (ಅತ್ಯುತ್ತಮ ಆಟಗಾರ), ಸೈ ಯಂಗ್ (ಅತ್ಯುತ್ತಮ ಪಿಚರ್) ಎರಡೂ ಪ್ರಶಸ್ತಿ ಪಡೆದ ವರ್ಷ. ಅವನ ಕಾರ್ಡು ಯಾರೋ ಹುಡುಗನ ಜೇಬಿನಲ್ಲಿ ಓಡಾಡಿ ಸವೆದಿದ್ದರೆ ನನಗೆ ಅದೂ ಇಷ್ಟವೇ.

ಇಡೀ ಬೈಂಡರ್‌ನಲ್ಲಿ ನನಗೆ ಅತಿ ಪ್ರೀತಿಯದು ಆ ಕಾಲದ ದೊಡ್ಡ ತಾರೆ ರೆಜಿ ಜಾಕ್ಸನ್ ಕಾರ್ಡಲ್ಲ. 1975ರ ಸೆಟ್‌ನ 407ನೇ ಕಾರ್ಡು, ಹರ್ಬ್ ವಾಷಿಂಗ್ಟನ್. ಆ ವರ್ಷದ ಕಾರ್ಡಿನ ಮೂಲೆಯಲ್ಲಿ ಒಂದು ಪುಟ್ಟ ಚೆಂಡಿನ ಚಿತ್ರ ಇರುತ್ತದೆ. ಅದರೊಳಗೆ ಆಟಗಾರ ಎಲ್ಲಿ ಆಡುತ್ತಾನೆ ಅಂತ ಬರೆದಿರುತ್ತದೆ: ಪಿಚರ್, ಕ್ಯಾಚರ್, ಔಟ್‌ಫೀಲ್ಡ್. ಇವನ ಚೆಂಡಿನಲ್ಲಿ ಬರೆದಿರುವುದು "ಪಿಂಚ್ ರನ್". ಅಂದರೆ ಇವನ ಕೆಲಸ ಬೇರೆಯವರ ಬದಲು ಓಡುವುದು ಅಷ್ಟೇ. ನಮ್ಮ ಕ್ರಿಕೆಟ್‌ನಲ್ಲಿ ಗಾಯಗೊಂಡವನಿಗೆ ರನ್ನರ್ ಕೊಡುತ್ತಿದ್ದರಲ್ಲ, ಆ ಕೆಲಸಕ್ಕೇ ಒಬ್ಬನನ್ನು ಸಂಬಳ ಕೊಟ್ಟು ಇಟ್ಟುಕೊಂಡ ಹಾಗೆ. ಅವನು ಮೂಲತಃ ಓಟಗಾರ. ಫಿನ್ಲೆ ಅವನನ್ನು ತಂದು ತಂಡಕ್ಕೆ ಸೇರಿಸಿದರು. ಎರಡು ಸೀಸನ್‌ನಲ್ಲಿ 105 ಪಂದ್ಯ ಆಡಿದ, 31 ಬೇಸ್ ಕದ್ದ (ಬ್ಯಾಟ್ ಮಾಡುವವನ ಹೊಡೆತಕ್ಕೆ ಕಾಯದೆ ಮುಂದಿನ ಬೇಸಿಗೆ, ಅಂದರೆ ಓಟದ ಮುಂದಿನ ನಿಲ್ದಾಣಕ್ಕೆ, ಓಡಿ ತಲುಪುವುದಕ್ಕೆ ಹಾಗೆನ್ನುತ್ತಾರೆ), 33 ರನ್ ಮಾಡಿದ. ಬ್ಯಾಟ್ ಹಿಡಿದು ಒಂದು ಸಲವೂ ಕ್ರೀಸಿಗೆ ಬರಲಿಲ್ಲ. 1974ರ ವರ್ಲ್ಡ್ ಸೀರೀಸ್‌ನ ಎರಡನೇ ಪಂದ್ಯದ ಕೊನೆ ಇನ್ನಿಂಗ್ಸ್‌ನಲ್ಲಿ ಎದುರಾಳಿ ಪಿಚರ್ ಮೈಕ್ ಮಾರ್ಷಲ್ ಅವನನ್ನು ಮೊದಲ ಬೇಸ್‌ನಲ್ಲೇ ಔಟ್ ಮಾಡಿಬಿಟ್ಟ. ಇಂಥ ಒಬ್ಬನಿಗೆ ಜಾಗ ಕೊಟ್ಟ ತಂಡ ಇದು ಅನ್ನುವುದಕ್ಕೇ ನಾನು ಈ ತಂಡವನ್ನು ಹಚ್ಚಿಕೊಂಡೆ ಅನಿಸುತ್ತದೆ.

1975ರಲ್ಲಿ ಟಾಪ್ಸ್ ಅದೇ ಸೆಟ್ಟನ್ನು ಸ್ವಲ್ಪ ಚಿಕ್ಕ ಅಳತೆಯಲ್ಲೂ ಅಚ್ಚು ಹಾಕಿ ಪ್ರಯೋಗಕ್ಕೆ ಮಾರಿತ್ತು. ಮಿಶಿಗನ್‌ನಲ್ಲಿ ಮತ್ತು ನಮ್ಮ ಕ್ಯಾಲಿಫೋರ್ನಿಯಾ ಕಡೆ. ಹಾಗಾಗಿ ಈ ಮಿನಿ ಕಾರ್ಡುಗಳು ಇಲ್ಲಿನ ಹಳೆ ಮನೆಗಳ ಅಟ್ಟದಿಂದ ಆಗಾಗ ಹೊರಬರುತ್ತವೆ. ಹರ್ಬ್‌ನ ಮಿನಿ ಇನ್ನೂ ಸಿಕ್ಕಿಲ್ಲ.

ರಿಕಿ ಹೆಂಡರ್ಸನ್ ವಿಷಯಕ್ಕೆ ಬರೋಣ. 1980ರ ಟಾಪ್ಸ್, 482ನೇ ನಂಬರ್, ಅವನ ಮೊದಲ ಕಾರ್ಡು. ಸೊಂಟ ಬಗ್ಗಿಸಿ, ಕುಗ್ಗಿ ನಿಂತು ಬ್ಯಾಟ್ ಹಿಡಿದ ಭಂಗಿ. ಮೇಲೆ ಅಚ್ಚು ಹಾಕಿದ ಸಹಿ. ನನ್ನದು ಪೂರ್ತಿ ಒಂದು ಪಕ್ಕಕ್ಕೆ ಸರಿದಿದೆ, ಎಡಗಡೆ ಬಿಳಿ ಅಂಚು ದಪ್ಪ, ಬಲಗಡೆ ಕೂದಲೆಳೆಯಷ್ಟು. ಈ ಕಾರ್ಡಿನಲ್ಲಿ ಅಂಚು ಸರಿಯಾಗಿ ನಡುವೆ ಕೂತದ್ದು ಸಿಗುವುದೇ ಕಷ್ಟ. ಕಾರ್ಡಿನ ಸ್ಥಿತಿ ನೋಡಿ ಅಂಕ ಕೊಟ್ಟು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಕೊಡುವ ಕಂಪನಿಗಳಿವೆ. ಅಲ್ಲಿ ಹತ್ತರಲ್ಲಿ ಹತ್ತು ಅಂಕ ಪಡೆದ ಪ್ರತಿಗೆ ಕೊಡುವ ದುಡ್ಡಿನಲ್ಲಿ ನನ್ನ ಇಡೀ ಸಂಗ್ರಹ ಮುಗಿಸಬಹುದು. ಯಾವ ಕಾರ್ಡನ್ನೂ ನಾನು ಅಂಕಕ್ಕೆ ಕಳಿಸಿಲ್ಲ, ಕಳಿಸುವುದೂ ಇಲ್ಲ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿದ ಕಾರ್ಡು ಬೈಂಡರ್‌ನಲ್ಲಿ ಕೂರುವುದಿಲ್ಲ, ತನ್ನ ತಂಡದವರ ಜೊತೆ ಸೇರುವುದಿಲ್ಲ.

ರಿಕಿ ಬೆಳೆದದ್ದು ಓಕ್ಲೆಂಡಿನಲ್ಲೇ, ಓದಿದ್ದು ಓಕ್ಲೆಂಡ್ ಟೆಕ್ ಶಾಲೆಯಲ್ಲಿ. 1982ರಲ್ಲಿ ಒಂದೇ ಸೀಸನ್‌ಗೆ 130 ಬೇಸ್ ಕದ್ದ. 1991ರ ಮೇ 1ರಂದು ಕೊಲಿಸಿಯಮ್‌ನಲ್ಲೇ 939ನೇ ಬೇಸ್ ಕದ್ದು, ಲೂ ಬ್ರಾಕ್ ದಾಖಲೆ ದಾಟಿ, ಬೇಸನ್ನೇ ಕಿತ್ತು ತಲೆಯ ಮೇಲೆತ್ತಿ ಹಿಡಿದ. ಎರಡು ದಾಖಲೆಗೂ ಟಾಪ್ಸ್ ವಿಶೇಷ ಕಾರ್ಡು ತಂದಿತು, 1983ರಲ್ಲಿ ಒಂದು, 1992ರಲ್ಲಿ ಇನ್ನೊಂದು. ಎರಡರ ನಂಬರೂ 2. ಬೈಂಡರ್‌ನಲ್ಲಿ ಇವೆರಡನ್ನು ಎದುರುಬದುರು ಹಾಳೆಯಲ್ಲಿ ಇಟ್ಟಿದ್ದೇನೆ, ವರ್ಷದ ಸಾಲು ತಪ್ಪಿದರೂ ಪರವಾಗಿಲ್ಲ ಅಂತ. ಕೊನೆಯ ಪಂದ್ಯದ ದಿನ ಅವನೂ ಹಳೆಯ ಏಸ್ ಪಿಚರ್ ಡೇವ್ ಸ್ಟೀವರ್ಟೂ ಗೌರವದ ಮೊದಲ ಚೆಂಡು ಎಸೆದರು. ಮೂರು ತಿಂಗಳು ತುಂಬುವ ಮೊದಲೇ, ಡಿಸೆಂಬರ್ 20ರಂದು, ರಿಕಿ ತೀರಿಕೊಂಡ.

80ರ ದಶಕದ ಕೊನೆ, 90ರ ಆರಂಭದ ಕಾರ್ಡುಗಳ ಬಗ್ಗೆ ಹೇಳುವುದು ಕಡಿಮೆ. ಕಂಪನಿಗಳು ಜಾಸ್ತಿಯಾದವು, ಮಿತಿಯಿಲ್ಲದೆ ಅಚ್ಚು ಹಾಕಿದವು. ಮರದ ಅಂಚಿನ 1987ರ ಟಾಪ್ಸ್ ಇಂದಿಗೂ ಪೆಟ್ಟಿಗೆಗಟ್ಟಲೆ ಸಿಗುತ್ತದೆ. ಕಾನ್ಸೆಕೊ, ಮ್ಯಾಗ್ವೈರ್, ಎಕರ್ಸ್ಲಿ, ಆ ಕಾಲದ ಏಸ್ ತಾರೆಗಳೆಲ್ಲರೂ ಒಂದು ಕಾಫಿಯ ದುಡ್ಡಿಗೆ ಬರುತ್ತಾರೆ. ಭೂಕಂಪದಿಂದ ನಡುವೆ ನಿಂತು ಹೋಗಿದ್ದ 1989ರ ವರ್ಲ್ಡ್ ಸೀರೀಸ್ ಗೆದ್ದ ತಂಡ ಅದು, ಆದರೆ ಕಾರ್ಡು ಕೂಡಿಸಲು ಕಷ್ಟವೇ ಪಡಬೇಕಾಗಲಿಲ್ಲ.

ನಿಜವಾದ ಹುಡುಕಾಟ ಇರುವುದು ಊರಿನ ಕಾರ್ಡುಗಳಲ್ಲಿ. ಗ್ರ್ಯಾನಿ ಗೂಸ್ ಅಂತ ಓಕ್ಲೆಂಡಿನ ಆಲೂಗಡ್ಡೆ ಚಿಪ್ಸ್ ಕಂಪನಿ ಇತ್ತು. 1981ರಿಂದ 1983ರವರೆಗೆ ಅವರು ಚಿಪ್ಸ್ ಪೊಟ್ಟಣದೊಳಗೆ ಏಸ್ ಆಟಗಾರರ ಕಾರ್ಡು ಹಾಕಿದರು. 1981ರ ಸೆಟ್‌ನಲ್ಲಿ 15 ಕಾರ್ಡು. ನಂಬರ್ ಬೇರೆ ಇಲ್ಲ, ಅಂಗಿಯ ಮೇಲಿನ ನಂಬರೇ ಕಾರ್ಡಿನ ನಂಬರು. ಮ್ಯಾನೇಜರ್ ಬಿಲ್ಲಿ ಮಾರ್ಟಿನ್ 1, ರಿಕಿ 35. ಇದರಲ್ಲಿ ಡೇವ್ ರೆವರಿಂಗ್ ಕಾರ್ಡು ಸಿಗುವುದು ಅಪರೂಪ. ಮೇ ತಿಂಗಳಲ್ಲೇ ಅವನನ್ನು ಯಾಂಕೀಸ್ ತಂಡಕ್ಕೆ ಕೊಟ್ಟುಬಿಟ್ಟರು, ಕಾರ್ಡು ನಡುವೆಯೇ ನಿಂತಿತು.

ಅದು ಈ ಸಲದ ಕಾರ್ಡ್ ಮೇಳದಲ್ಲಿ ಸಿಕ್ಕಿತು! ಒಬ್ಬ ಹಿರಿಯರ ಮೇಜಿನ ಮೇಲೆ, ಬೇರೆ ಬೇರೆ ತಂಡದ ಕಾರ್ಡುಗಳ ಡಬ್ಬಿಯಲ್ಲಿ. ಹಿಂದೆ ಒಂದು ಮೂಲೆಯಲ್ಲಿ ಎಣ್ಣೆ ಇಳಿದು ಕಾಗದ ಪಾರದರ್ಶಕ ಆಗಿದೆ. ಬೆಳಕಿಗೆ ಹಿಡಿದರೆ ಆ ಕಡೆಯ ಬಣ್ಣ ಮಸುಕಾಗಿ ಕಾಣುತ್ತದೆ. "ಎಣ್ಣೆ ಇದೆ, ಹಾಗಾಗಿ ಕಡಿಮೆಗೆ ಕೊಡುತ್ತೇನೆ" ಅಂದರು. ಮನೆಗೆ ತಂದಾಗ ಮಗಳು ಮೂಸಿ ನೋಡಿ, "ಅಪ್ಪಾ, ಚಿಪ್ಸ್ ವಾಸನೆ ಹೋಗಿಬಿಟ್ಟಿದೆ" ಅಂದಳು. ಅವಳೇ ಅದನ್ನು 13ನೇ ನಂಬರಿನ ಜಾಗಕ್ಕೆ ಸೇರಿಸಿದಳು. ಆ ಕಲೆ ನನಗೆ ಬೇಕು. ಈ ಕಾರ್ಡು ನಿಜವಾಗಿ ಪೊಟ್ಟಣದೊಳಗೆ ಇತ್ತು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಾ? ನಾವು ಚಿಕ್ಕವರಿದ್ದಾಗ ಬಿಗ್ ಫನ್ ಚ್ಯೂಯಿಂಗ್ ಗಮ್ ಜೊತೆ ಬರುತ್ತಿದ್ದ ಕ್ರಿಕೆಟ್ ಚಿತ್ರಗಳೂ ಹೀಗೇ, ಕೈಯಲ್ಲಿ ಓಡಾಡಿದವೇ ಉಳಿದವು.

ಮದರ್ಸ್ ಕುಕೀಸ್ ಕೂಡ ಆಗ ಓಕ್ಲೆಂಡಿನದೇ ಆಗಿತ್ತು. ಬಿಳಿ, ಗುಲಾಬಿ ಸಕ್ಕರೆ ಬಳಿದ ಪ್ರಾಣಿ ಬಿಸ್ಕತ್ತು ಮಾಡುವವರು. 1984ರಿಂದ ಏಸ್ ಸೆಟ್ ತಂದರು, 28 ಕಾರ್ಡು, ದುಂಡು ಮೂಲೆ, ಹೊಳೆಯುವ ಫೋಟೊ. ಕ್ರೀಡಾಂಗಣಕ್ಕೆ ಬಂದವರಿಗೆ 20 ಕಾರ್ಡು ಕೊಡುತ್ತಿದ್ದರು. ಉಳಿದದ್ದಕ್ಕೆ ಚೀಟಿ ಕಳಿಸಿ ತರಿಸಿಕೊಳ್ಳಬೇಕು, ಬೇಕಾದ್ದೇ ಬರುತ್ತದೆ ಅನ್ನುವಂತಿಲ್ಲ, ಹಾಗಾಗಿ ಅದಲು ಬದಲು ಮಾಡಿಕೊಳ್ಳಲೇಬೇಕು. ಮಕ್ಕಳನ್ನು ಮಾತಿಗೆ ಎಳೆಯಲು ಇದಕ್ಕಿಂತ ಒಳ್ಳೆ ಉಪಾಯ ಇಲ್ಲ.

ಕಾರ್ಡು ಬಿಟ್ಟರೆ, ಹಳೆ ಟಿಕೆಟ್‌ಗಳ ಒಂದು ಹಾಳೆ ತುಂಬಿದೆ. ಈಗೆಲ್ಲ ಟಿಕೆಟ್ ಫೋನಿನಲ್ಲೇ, ಇಡಲು ಏನೂ ಉಳಿಯುವುದಿಲ್ಲ. 2023ರ ಜೂನ್ 13ರ ಹಸಿರು ಅಂಗಿಯೂ ಇದೆ, ಎದೆಯ ಮೇಲೆ "ಸೆಲ್" ಅಂತ ಬರೆದದ್ದು. ತಂಡ ಮಾರಿ ಹೋಗು ಅಂತ ಮಾಲೀಕರಿಗೆ ಹೇಳಲು ಅಂದು 27,759 ಜನ ಬಂದಿದ್ದರು. ಅಂಥದ್ದೇ ಒಂದು ಅಂಗಿ ಕೂಪರ್ಸ್‌ಟೌನ್‌ನ ಬೇಸ್‌ಬಾಲ್ ಮ್ಯೂಸಿಯಂ, ಹಾಲ್ ಆಫ್ ಫೇಮ್‌ಗೂ ಹೋಗಿದೆ. ಕೊನೆಯ ದಿನ 46,889 ಜನ, ಟೆಕ್ಸಸ್ ವಿರುದ್ಧ 3–2 ಗೆಲುವು. ಪಂದ್ಯ ಮುಗಿದ ಮೇಲೆ ಮೈದಾನ ನೋಡಿಕೊಳ್ಳುವವರು ಬೇಲಿಯಾಚೆ ಕೈ ಚಾಚಿದವರಿಗೆ ಇನ್‌ಫೀಲ್ಡ್ ಮಣ್ಣು ಹಂಚಿದರು. ನನ್ನ ಪಾಲಿನ ಮಣ್ಣು ಮುಚ್ಚಳ ಬಿಗಿಯಾದ ಒಂದು ಗಾಜಿನ ಶೀಶೆಯಲ್ಲಿದೆ. ಮೇಲೆ ತಾರೀಖು ಬರೆದ ಚೀಟಿ ಅಂಟಿಸಿದ್ದೇನೆ.

ನಾವಿರುವ ಫ್ರೀಮಾಂಟ್‌ಗೇ ಈ ತಂಡ ಬರುವುದರಲ್ಲಿತ್ತು. 2006ರಲ್ಲಿ ಇಲ್ಲಿ ಕ್ರೀಡಾಂಗಣ ಕಟ್ಟುವ ಯೋಜನೆ ಹೇಳಿದರು, 2009ರಲ್ಲಿ ಕೈಬಿಟ್ಟರು. ಆ ಯೋಜನೆಯ ಅಚ್ಚಾದ ಕಾಗದ ಏನಾದರೂ ಸಿಕ್ಕರೆ ಸಂಗ್ರಹಕ್ಕೆ ಸೇರಿಸಬೇಕು ಅಂತ ಆಸೆ.

ಇನ್ನು ಬಾಕಿ ಇರುವುದು: 1972ರ ಕೊನೆಯ ಸರಣಿಯ ಏಸ್ ಕಾರ್ಡುಗಳು (657ರಿಂದ 787ರವರೆಗಿನ ನಂಬರು, ಕಡಿಮೆ ಅಚ್ಚಾದವು), ಹರ್ಬ್ ಮಿನಿ, ಕೆಳಗಿನ ಹರಿದು ತೆಗೆಯುವ ಪಟ್ಟಿ ಹಾಗೇ ಇರುವ 1983ರ ಗ್ರ್ಯಾನಿ ಗೂಸ್, ಮತ್ತು 1984ರ ಮದರ್ಸ್ ಕುಕೀಸ್ ಅರ್ಧ ಸೆಟ್. ಬೇ ಏರಿಯಾದಲ್ಲಿ ಬಹಳ ವರ್ಷದಿಂದ ಇರುವ ಕನ್ನಡದವರು ಯಾರಾದರೂ ಆ ಕಾಲದಲ್ಲಿ ಮಕ್ಕಳನ್ನು ಕೊಲಿಸಿಯಮ್‌ಗೆ ಕರೆದುಕೊಂಡು ಹೋಗಿದ್ದರೆ, ಗ್ಯಾರೇಜ್‌ನ ಡಬ್ಬಿಗಳನ್ನು ಒಂದು ಸಲ ನೋಡಿ. ದುಂಡು ಮೂಲೆಯ ಕಾರ್ಡು ಕಂಡರೆ ತಿಳಿಸಿ. ಬದಲಿಗೆ ಕೊಡಲು 1987ರ ಟಾಪ್ಸ್ ಬೇಕಾದಷ್ಟಿದೆ, ದುಡ್ಡೇ ಬೇಕೆಂದರೂ ಸರಿ.