ಕೋಳಿ ಗೂಡಿನಲ್ಲಿ ಅಡ್ಡಗೋಲು ಎಷ್ಟು ಎತ್ತರ ಇರಬೇಕು?

ಹಿತ್ತಲಲ್ಲಿ ನಾಲ್ಕು ಕೋಳಿ ಸಾಕಲು ಹೊರಟವರೆಲ್ಲ ನನ್ನನ್ನು ಕೇಳುವ ಪ್ರಶ್ನೆ ಇದು. ರಾತ್ರಿ ಕೋಳಿ ಕೂರುವ ಕೋಲನ್ನು ಎಷ್ಟು ಎತ್ತರಕ್ಕೆ ಕಟ್ಟಬೇಕು? ಅಡಿ ಲೆಕ್ಕ ಹೇಳುವ ಮೊದಲು ನಾನೇ ತಿರುಗಿ ಕೇಳುತ್ತೇನೆ: ಮೊಟ್ಟೆ ಇಡುವ ಬುಟ್ಟಿ ಎಷ್ಟು ಎತ್ತರದಲ್ಲಿದೆ?

ಹೊತ್ತು ಮುಳುಗುತ್ತಿದ್ದಂತೆ ಕೋಳಿ ತನಗೆ ನಿಲುಕುವ ಅತಿ ಎತ್ತರದ ಜಾಗ ಹುಡುಕುತ್ತದೆ. ಅದರ ಮೂಲವಾದ ಕೆಂಪು ಕಾಡುಕೋಳಿ ರಾತ್ರಿ ಕಳೆಯುವುದು ಮರದ ಮೇಲೆ. ನಮ್ಮ ಪಶ್ಚಿಮಘಟ್ಟದ ಬೂದು ಕಾಡುಕೋಳಿಯೂ ಹಾಗೆಯೇ. (ಮನೆಕೋಳಿಯ ಹಳದಿ ಕಾಲಿನ ಜೀನ್ ಈ ಬೂದು ಕಾಡುಕೋಳಿಯಿಂದ ಬಂದದ್ದು ಎಂದು 2008ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಅಂಗಳದ ಕೋಳಿಯ ಕಾಲು ನೋಡಿದಾಗಲೆಲ್ಲ ನನಗೆ ಅದು ನೆನಪಾಗುತ್ತದೆ.) ಬುಟ್ಟಿ ಮೇಲಿದ್ದು ಕೋಲು ತಗ್ಗಿನಲ್ಲಿದ್ದರೆ ಅವು ಬುಟ್ಟಿಯಲ್ಲೇ ಮಲಗುತ್ತವೆ, ಅಲ್ಲೇ ಹಿಕ್ಕೆ ಹಾಕುತ್ತವೆ, ಬೆಳಗ್ಗೆ ಮೊಟ್ಟೆಯೆಲ್ಲ ಗಲೀಜು. ಕೋಲು ಬುಟ್ಟಿಗಿಂತ ಒಂದಡಿಯಾದರೂ ಮೇಲಿರಲಿ.

ಆಮೇಲೆ ಕೋಳಿಯ ತೂಕ ನೋಡಿ. ಹಗುರ ಮೈಯ ನಾಟಿ ಕೋಳಿಗೆ ಮೂರು ನಾಲ್ಕು ಅಡಿ ಏನೂ ಅಲ್ಲ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಿಂದ ಬಂದ ಗಿರಿರಾಜ, ಸ್ವರ್ಣಧಾರ ತಳಿಗಳ ಮಾತು ಬೇರೆ. ಆ ಭಾರದ ಹಕ್ಕಿ ಎತ್ತರದಿಂದ ಧೊಪ್ಪನೆ ಹಾರಿದರೆ ಅಂಗಾಲಿಗೆ ಪೆಟ್ಟಾಗುತ್ತದೆ, ಗಾಯಕ್ಕೆ ಸೋಂಕು ತಗುಲಿ ಬಾತು ಗಂಟಾಗುತ್ತದೆ. ಅವಕ್ಕೆ ಒಂದೂವರೆ ಎರಡು ಅಡಿ ಸಾಕು. ಬುಟ್ಟಿಯನ್ನು ನೆಲಕ್ಕೇ ಇಳಿಸಿ.

ಕೋಳಿಯೊಂದಕ್ಕೆ ಎಂಟು ಹತ್ತು ಇಂಚು ಜಾಗ ಬೇಕು. ಎರಡು ಕೋಲು ಹಾಕುವುದಾದರೆ ಒಂದೇ ಮಟ್ಟದಲ್ಲಿ, ನಡುವೆ ಒಂದಡಿ ಬಿಟ್ಟು ಹಾಕಿ. ಒಂದು ಮೇಲೆ ಇನ್ನೊಂದು ಕೆಳಗೆ ಇದ್ದರೆ ಮೇಲಿನ ಜಾಗಕ್ಕಾಗಿ ಪ್ರತಿ ಸಂಜೆ ಕುಕ್ಕಾಟ, ಸೋತ ಕೋಳಿಯ ಬೆನ್ನ ಮೇಲೆ ಹಿಕ್ಕೆ. ಗೋಡೆಯಿಂದಲೂ ಒಂದಡಿ ದೂರವಿರಲಿ. ಗೋಡೆಯ ಬದಲು ತಂತಿ ಬಲೆ ಇದ್ದರಂತೂ ಈ ಅಂತರವನ್ನು ಖಂಡಿತ ಕಡಿಮೆ ಮಾಡಬೇಡಿ. ಬಲೆಗೆ ಒರಗಿ ಕೂತ ಕೋಳಿಯನ್ನು ಕಾಡುಬೆಕ್ಕು ಹೊರಗಿನಿಂದಲೇ ಪಂಜಾ ಹಾಕಿ ಎಳೆಯುತ್ತದೆ. ನೀರಿನ ಪಾತ್ರೆ, ಮೇವಿನ ತಟ್ಟೆ ಕೋಲಿನ ಕೆಳಗೆ ಇರಲೇಬಾರದು.

ಮರ ಯಾವುದಾದರೂ ಆದೀತು, ಗಾಳಿಮರವೋ ಸಿಲ್ವರ್ ಓಕೋ. ಎರಡಿಂಚು ದಪ್ಪವಿದ್ದು, ಅಂಚು ಉಜ್ಜಿ ಗುಂಡಗೆ ಮಾಡಿರಬೇಕು. ಕೋಳಿ ಕಾಲು ಮಡಚಿ ಕುಳಿತಾಗ ಹಿಂದಿನ ಸ್ನಾಯುರಜ್ಜು ಬಿಗಿದು ಬೆರಳುಗಳು ತಾವಾಗಿ ಕೋಲನ್ನು ಹಿಡಿದುಕೊಳ್ಳುತ್ತವೆ. ಸಪೂರ ಕೋಲಾದರೆ ಎದೆಮೂಳೆಯ ಮೇಲೆ ಒತ್ತಡ ಬಿದ್ದು ಅದು ಸೊಟ್ಟಗಾಗಬಹುದು. ನಯವಾದ ಪೈಪ್ ಬೇಡ, ಜಾರುತ್ತದೆ. ಸೀಳು ಬಿಟ್ಟ ಬಿದಿರೂ ಬೇಡ, ಅದಕ್ಕೆ ಕಾರಣ ಕೆಂಪು ನುಸಿ.

ಈ ನುಸಿಯ ವಿಷಯವನ್ನು ಯಾರೂ ಕೇಳುವುದಿಲ್ಲ, ನಾನೇ ಎತ್ತಿ ಹೇಳುತ್ತೇನೆ. ಹಗಲು ಅದು ಕೋಳಿಯ ಮೈಮೇಲೆ ಸಿಗುವುದು ಅಪರೂಪ. ಕೋಲಿನ ಸೀಳಿನಲ್ಲಿ, ಕೋಲು ಗೋಡೆಗೆ ಸೇರುವ ಸಂದಿಯಲ್ಲಿ ಅಡಗಿರುತ್ತದೆ. ರಾತ್ರಿ ಹತ್ತಿ ಬಂದು ರಕ್ತ ಹೀರುತ್ತದೆ. ಕೋಳಿಯ ಜುಟ್ಟು ಬಿಳಿಚಿಕೊಂಡಿದ್ದರೆ, ಮೊಟ್ಟೆ ಕಡಿಮೆಯಾಗಿದ್ದರೆ, ಕತ್ತಲಾದ ಮೇಲೆ ಟಾರ್ಚ್ ಹಿಡಿದು ಹೋಗಿ ಬಿಳಿ ಬಟ್ಟೆಯಿಂದ ಕೋಲಿನ ತಳಭಾಗ ಒರೆಸಿ ನೋಡಿ. ಬಟ್ಟೆಯ ಮೇಲೆ ರಕ್ತದ ಕಲೆ ಮೂಡಿದರೆ ನುಸಿ ಇದೆ ಎಂದೇ ಲೆಕ್ಕ. ಅದಕ್ಕೇ ನಾನು ಕೋಲಿಗೆ ಮೊಳೆ ಹೊಡೆಯಬೇಡಿ ಎನ್ನುವುದು. ಎರಡು ಬದಿಗೆ ಮರದ ತುಂಡಿನಲ್ಲಿ ಕಚ್ಚು ಮಾಡಿ, ಕೋಲನ್ನು ಅದರೊಳಗೆ ಅಲ್ಲಾಡದಂತೆ ಕೂರಿಸಿ. ಆಗಾಗ ಕಿತ್ತು, ಕುದಿಯುವ ನೀರು ಸುರಿದು ತೊಳೆದು, ಬಿಸಿಲಿಗೆ ಒಣಗಿಸಬಹುದು. ಕಚ್ಚುಗಳನ್ನೂ ಬಿಡದೆ ತೊಳೆಯಿರಿ.

ಕೋಲಿನ ಕೆಳಗೆ ಭತ್ತದ ಹೊಟ್ಟು ಹರಡಿದರೆ ರಾತ್ರಿಯ ಹಿಕ್ಕೆ ಒಂದೇ ಕಡೆ ಸಿಗುತ್ತದೆ. ಹಸಿಯಾಗಿ ಗಿಡದ ಬುಡಕ್ಕೆ ಹಾಕಿದರೆ ಬೇರು ಸುಡುತ್ತದೆ, ಗೊಬ್ಬರಗುಂಡಿಯಲ್ಲಿ ಕೊಳೆತ ಮೇಲೆ ಹಾಕಿ.

ಇಷ್ಟಾದರೂ ಕೋಳಿ ನೆಲದಲ್ಲೇ ಮಲಗುತ್ತದೆ ಎನ್ನುವವರು ಪೂರ್ತಿ ಕತ್ತಲಾಗುವವರೆಗೆ ಕಾಯಿರಿ. ಇರುಳಲ್ಲಿ ಅದಕ್ಕೆ ಕಣ್ಣು ಮಂದ, ಹೆಚ್ಚು ಗಲಾಟೆ ಮಾಡುವುದಿಲ್ಲ. ಎರಡೂ ಕೈಯಲ್ಲಿ ಎತ್ತಿ ಕೋಲಿನ ಮೇಲೆ ಕೂರಿಸಿ, ಬೆರಳು ಹಿಡಿತ ಸಿಕ್ಕ ಮೇಲೆ ಕೈ ಬಿಡಿ. ಕೆಲವು ರಾತ್ರಿ ಹೀಗೆ ಮಾಡಿದರೆ ತಾನಾಗಿಯೇ ಹತ್ತುವುದು ರೂಢಿಯಾಗುತ್ತದೆ. ಕಾವಿಗೆ ಕೂತ ಹೇಂಟೆಯನ್ನು ಮಾತ್ರ ಎತ್ತಬೇಡಿ.