ಒಂದೇ ಪಾಕ, ಮೂರು ಊರಿನ ನೀರು

ಮನೆಯಲ್ಲಿ ಬಿಯರ್ ಮಾಡುವ ಹವ್ಯಾಸದಲ್ಲಿ ಕೆಲಸಕ್ಕಿಂತ ಕಾಯುವುದೇ ಹೆಚ್ಚು. ಬಾರ್ಲಿಯ ಮಾಲ್ಟನ್ನು, ಎಂದರೆ ಮೊಳಕೆ ಬರಿಸಿ ಒಣಗಿಸಿದ ಕಾಳನ್ನು, ಬಿಸಿನೀರಿನಲ್ಲಿ ನೆನೆಹಾಕಿದ ಮೇಲೆ ಒಂದು ಗಂಟೆ ಸುಮ್ಮನಿರಬೇಕು; ಅದರಿಂದ ಸೋಸಿದ ಸಿಹಿನೀರನ್ನು ಒಲೆಗೇರಿಸಿದ ಮೇಲೆ ಇನ್ನೊಂದು ಗಂಟೆ ಅದು ಕುದಿಯುವುದನ್ನು ನೋಡುತ್ತಿರಬೇಕು; ಯೀಸ್ಟ್ ಹಾಕಿದ ಮೇಲಂತೂ ಸುಮಾರು ಎರಡು ವಾರ ಪಾತ್ರೆಯ ಮುಚ್ಚಳಕ್ಕೆ ಕೈ ಹಚ್ಚುವಂತಿಲ್ಲ. ಬೇರೆ ಬೇರೆ ದೇಶಗಳಿಗೆ ಚದುರಿಹೋದ ಗೆಳೆಯರು ಪರದೆಯ ಮೇಲೆ ಸೇರಿ ಒಟ್ಟಿಗೆ ಮಾಡುವುದಕ್ಕೆ ಇಷ್ಟು ಚೆನ್ನಾಗಿ ಒಗ್ಗುವ ಇನ್ನೊಂದು ಹವ್ಯಾಸವನ್ನು ನಾನು ಕಂಡಿಲ್ಲ. ಅಡುಗೆಯಾದರೆ ಒಗ್ಗರಣೆ ಸೀದುಹೋಗುವ ಭಯದಲ್ಲಿ ಮಾತು ತುಂಡಾಗುತ್ತದೆ. ಇಲ್ಲಿ ಮಾತಿಗೆಂದೇ ಎರಡು ಗಂಟೆ ಬಿಡುವು ಮಾಡಿಕೊಟ್ಟಂತಿದೆ.

ನಾವು ಒಂದೇ ಎಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲಿನಲ್ಲಿದ್ದವರು. ಈಗ ನಾನಿರುವುದು ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ, ಒಬ್ಬ ಅರಿಜೋನಾದ ಫೀನಿಕ್ಸಿನಲ್ಲಿ, ಒಬ್ಬ ಲಂಡನ್ನಿನಲ್ಲಿ, ಇನ್ನೊಬ್ಬ ಬೆಂಗಳೂರಿನಲ್ಲಿ. ಬೇಸಿಗೆಯ ಶನಿವಾರ ನನ್ನ ಬೆಳಗಿನ ಎಂಟು ಗಂಟೆಗೆ ಕೂಡುತ್ತೇವೆ. ಆಗ ಲಂಡನ್ನಿನಲ್ಲಿ ಸಂಜೆ ನಾಲ್ಕು, ಬೆಂಗಳೂರಿನಲ್ಲಿ ರಾತ್ರಿ ಎಂಟೂವರೆ. ಬೆಂಗಳೂರಿನವನು ಒಲೆ ಹಚ್ಚುವುದಿಲ್ಲ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧವಾದ್ದರಿಂದ ಅವನು ನಮ್ಮ ಕರಣಿಕನ ಕೆಲಸ ವಹಿಸಿಕೊಂಡಿದ್ದಾನೆ: ಯಾರ ನೀರು ಎಷ್ಟು ಡಿಗ್ರಿ, ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಯಾರದು ಏನು ತೋರಿಸಿತು, ಯಾವ ದಿನ ನೊರೆ ಎದ್ದಿತು, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದಿಡುತ್ತಾನೆ. ತಾನು ಮಾಡದಿರುವುದರಿಂದಲೋ ಏನೋ, ಮಾಡುವವರ ಮೇಲೆ ಅವನಷ್ಟು ಕಟ್ಟುನಿಟ್ಟು ಯಾರೂ ಇಲ್ಲ.

ಉಳಿದ ಮೂವರಿಗೂ ಈ ಸ್ವಾತಂತ್ರ್ಯ ಬಹಳ ಹಳೆಯದೇನಲ್ಲ. ಬ್ರಿಟನ್ನಿನಲ್ಲಿ ಮನೆಬಳಕೆಯ ಬಿಯರಿಗೆ ಬೇಕಾಗಿದ್ದ ಪರವಾನಗಿಯನ್ನು ತೆಗೆದುಹಾಕಿದ್ದು 1963ರಲ್ಲಿ. ಅಮೆರಿಕದಲ್ಲಿ ಪಾನನಿಷೇಧ ಕೊನೆಗೊಂಡ ಮೇಲೂ ಮನೆಯ ಬಿಯರು ಕಾನೂನಿನ ಹೊರಗೇ ಉಳಿದಿತ್ತು. ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರ ಅಕ್ಟೋಬರಿನಲ್ಲಿ ಸಹಿ ಹಾಕಿದ ಮಸೂದೆ 1979ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಮೇಲೆ ಒಬ್ಬ ವಯಸ್ಕರು ವರ್ಷಕ್ಕೆ 100 ಗ್ಯಾಲನ್, ಎಂದರೆ ಸುಮಾರು 378 ಲೀಟರ್, ಇಬ್ಬರು ಅಥವಾ ಹೆಚ್ಚು ವಯಸ್ಕರಿರುವ ಮನೆಯವರು 200 ಗ್ಯಾಲನ್ ಮಾಡಿಕೊಳ್ಳಬಹುದಾಯಿತು. ಮಾರುವಂತಿಲ್ಲ ಎಂಬ ಷರತ್ತು ಇಂದಿಗೂ ಇದೆ. ಆದರೂ ಪ್ರತಿ ರಾಜ್ಯ ತನ್ನದೇ ಕಾನೂನು ಮಾಡಿಕೊಳ್ಳಬೇಕಾಗಿದ್ದರಿಂದ ಅಲಬಾಮಾ ಮತ್ತು ಮಿಸಿಸಿಪ್ಪಿ ಒಪ್ಪುವ ಹೊತ್ತಿಗೆ 2013 ಬಂದಿತ್ತು. ಇಂದು ಅಮೆರಿಕದ ಅಂಗಡಿಗಳಲ್ಲಿ ಕಾಣುವ ಸಣ್ಣ ಬ್ರೂವರಿಗಳ ಬಿಯರುಗಳಲ್ಲಿ ಹಲವು ಇಂಥ ಅಡುಗೆಮನೆಗಳಿಂದಲೇ ಹೊರಟವು. ಕ್ಯಾಲಿಫೋರ್ನಿಯಾದ ಚೀಕೊ ಊರಿನಲ್ಲಿ ಮನೆಬಿಯರಿನ ಸಾಮಾನುಗಳ ಅಂಗಡಿ ಇಟ್ಟಿದ್ದ ಕೆನ್ ಗ್ರಾಸ್‌ಮನ್ 1980ರಲ್ಲಿ ಸಿಯೆರಾ ನೆವಾಡ ಪೇಲ್ ಏಲ್ ಎಂಬ ತಿಳಿಬಣ್ಣದ ಬಿಯರು ತಯಾರಿಸಿದರು; ಆ ಬಿಯರಿನ ಪರಿಮಳವಾದ ಕ್ಯಾಸ್ಕೇಡ್ ಹಾಪ್ಸ್ (ಹಾಪ್ಸ್ ಎಂದರೆ ಬಿಯರಿಗೆ ಕಹಿ, ಪರಿಮಳಕ್ಕೆಂದು ಹಾಕುವ ಒಂದು ಬಳ್ಳಿಯ ಹೂವು) ನಾನಿರುವ ಆರೆಗನ್ ರಾಜ್ಯದಲ್ಲೇ ಬೆಳೆಸಿ 1972ರಲ್ಲಿ ರೈತರಿಗೆ ಬಿಡುಗಡೆ ಮಾಡಿದ ತಳಿ.

ಆದ್ದರಿಂದಲೇ ನಾವು ಮೊದಲು ಒಟ್ಟಿಗೆ ಆರಿಸಿಕೊಂಡದ್ದು ಕ್ಯಾಸ್ಕೇಡ್ ಹಾಕಿದ ಪೇಲ್ ಏಲ್. ಹತ್ತು ಲೀಟರಿಗೆ ಲೆಕ್ಕ ಹೀಗಿತ್ತು: ಎರಡು ಕಿಲೋ ಮುನ್ನೂರು ಗ್ರಾಂ ತಿಳಿಬಣ್ಣದ ಮಾಲ್ಟ್, ನೂರೈವತ್ತು ಗ್ರಾಂ ಕ್ರಿಸ್ಟಲ್ ಮಾಲ್ಟ್, ಐವತ್ತು ಗ್ರಾಂ ಹಾಪ್ಸ್. ಮಾಲ್ಟನ್ನು 66 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ನೆನೆಸಿದರೆ ಮೊಳಕೆ ಕಟ್ಟುವಾಗ ಕಾಳಿನಲ್ಲಿ ಹುಟ್ಟಿದ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತವೆ. ಒಂದೆರಡು ಡಿಗ್ರಿ ಕಡಿಮೆಯಾದರೆ ಯೀಸ್ಟ್ ಪೂರ್ತಿ ತಿಂದು ಮುಗಿಸುವಂಥ ಸಕ್ಕರೆ ಹೆಚ್ಚಾಗಿ ಬಿಯರು ತೆಳುವಾಗುತ್ತದೆ, ಒಂದೆರಡು ಡಿಗ್ರಿ ಹೆಚ್ಚಾದರೆ ತಿನ್ನಲಾಗದ ಸಕ್ಕರೆ ಉಳಿದು ಬಾಯಿಗೆ ದಪ್ಪವಾಗುತ್ತದೆ. ಕುದಿಯ ಆರಂಭದಲ್ಲಿ ಹಾಕಿದ ಹಾಪ್ಸ್ ಕಹಿಯನ್ನು ಕೊಡುತ್ತದೆ, ಕೊನೆಯಲ್ಲಿ ಹಾಕಿದ್ದು ಪರಿಮಳವನ್ನು ಕೊಡುತ್ತದೆ. ನೀರಿನ ಸಾಂದ್ರತೆ 1.000 ಎಂದಿಟ್ಟುಕೊಂಡು, ಸಿಹಿನೀರಿನ ಮೊದಲ ಸಾಂದ್ರತೆ 1.050 ಇದ್ದು ಕೊನೆಗೆ 1.011ಕ್ಕೆ ಇಳಿದರೆ ಮದ್ಯಸಾರ ಶೇಕಡಾ 5ರ ಆಸುಪಾಸು. ಇಷ್ಟೂ ಅಂಕಿಗಳು ಮೂವರ ಮನೆಯಲ್ಲೂ ಹೆಚ್ಚು ಕಡಿಮೆ ಕೂಡಿಬಂದವು. ಕರಣಿಕನಿಗೆ ತೃಪ್ತಿಯಾಯಿತು. ಸೀಸೆಗಳನ್ನು ತೆರೆದು ರುಚಿ ನೋಡಿ ಒಬ್ಬೊಬ್ಬರೇ ವರ್ಣಿಸತೊಡಗಿದಾಗ ಮಾತ್ರ ಮೂವರೂ ಮೂರು ಬೇರೆ ಬಿಯರುಗಳ ಬಗ್ಗೆ ಹೇಳುತ್ತಿರುವಂತಿತ್ತು.

ಕಾರಣ ನೀರು. ಬಿಯರಿನ ನೂರರಲ್ಲಿ ತೊಂಬತ್ತು ಪಾಲಿಗಿಂತ ಹೆಚ್ಚು ನೀರೇ ಆಗಿದ್ದರೂ ಹೊಸಬರು ಅದರ ಬಗ್ಗೆ ಕೊನೆಗೆ ಯೋಚಿಸುತ್ತಾರೆ. ಲಂಡನ್ನಿನ ನೀರು ಸುಣ್ಣಕಲ್ಲಿನ ನೆಲದಿಂದ ಬರುವ ಗಡುಸು ನೀರು. ಅದರಲ್ಲಿರುವ ಬೈಕಾರ್ಬೊನೇಟ್ ಮಾಲ್ಟಿನ ಮಿಶ್ರಣದ ಆಮ್ಲೀಯತೆಯನ್ನು ತಗ್ಗಿಸುತ್ತದೆ. ಮಿಶ್ರಣದ ಪಿಎಚ್ 5.2ರಿಂದ 5.5ರೊಳಗೆ ಇದ್ದರೆ ಕಿಣ್ವಗಳಿಗೂ ಹಿತ, ನಾಲಗೆಗೂ ಹಿತ. ಅದಕ್ಕಿಂತ ಮೇಲೇರಿದರೆ ಕಾಳಿನ ಸಿಪ್ಪೆಯಿಂದ ಒಗರು ಬಿಟ್ಟುಕೊಂಡು, ಹಾಪ್ಸಿನ ಕಹಿಯೂ ಒರಟಾಗಿ ಗಂಟಲಲ್ಲಿ ನಿಲ್ಲುತ್ತದೆ. ಲಂಡನ್ನಿನ ಗೆಳೆಯ ದೂರಿದ್ದು ಇದನ್ನೇ. ಅದೇ ನೀರಿನಲ್ಲಿ ಹುರಿದು ಕಪ್ಪಾಗಿಸಿದ ಮಾಲ್ಟ್ ಹಾಕಿದ್ದರೆ ಅದರ ಸಹಜ ಆಮ್ಲವೇ ಬೈಕಾರ್ಬೊನೇಟನ್ನು ಸರಿದೂಗಿಸುತ್ತಿತ್ತು. ಲಂಡನ್ ಪೋರ್ಟರ್ ಎಂಬ ಕಪ್ಪು ಬಿಯರಿಗೂ ಡಬ್ಲಿನ್ ಸ್ಟೌಟ್ ಎಂಬ ಕಪ್ಪು ಬಿಯರಿಗೂ ಹೆಸರಾದದ್ದು, ಬಹಳ ಮೆದು ನೀರಿನ ಚೆಕ್ ದೇಶದ ಪಿಲ್ಸೆನ್ ಊರಿನಲ್ಲಿ ತಂಪಿನಲ್ಲಿ ಹುದುಗಿಸುವ ಹೊಂಬಣ್ಣದ ಲಾಗರ್ ಹುಟ್ಟಿದ್ದು, ಜಿಪ್ಸಮ್ ತುಂಬಿದ ಬಾವಿಗಳ ಇಂಗ್ಲೆಂಡಿನ ಬರ್ಟನ್ ಅಪಾನ್ ಟ್ರೆಂಟ್‌ನಲ್ಲಿ ಕಹಿ ಏಲ್ ಪ್ರಸಿದ್ಧವಾದದ್ದು, ಇವೆಲ್ಲದರ ಹಿಂದೆ ಆಯಾ ಊರಿನ ನೀರಿಗೆ ಯಾವುದು ಒಗ್ಗಿತೋ ಅದನ್ನೇ ಜನ ಮಾಡಿಕೊಂಡು ಬಂದ ಚರಿತ್ರೆಯಿದೆ.

ಪೋರ್ಟ್‌ಲ್ಯಾಂಡಿನದು ತದ್ವಿರುದ್ಧ ಪರಿಸ್ಥಿತಿ. ಇಲ್ಲಿಗೆ ನೀರು ಬರುವುದು ಬುಲ್ ರನ್ ಎಂಬ ಕಾಡಿನ ಜಲಾನಯನದಿಂದ. ಅದು ಎಷ್ಟು ಮೆದುವೆಂದರೆ ಬಿಯರಿಗೆ ಬೇಕಾದ ಕ್ಯಾಲ್ಸಿಯಂ ಕೂಡ ಅದರಲ್ಲಿ ಸಾಕಷ್ಟಿಲ್ಲ. ಒಂದು ಚಮಚೆಗೂ ಕಡಿಮೆ ಜಿಪ್ಸಮ್ ಬೆರೆಸಿದರೆ ಹಾಪ್ಸಿನ ಕಹಿ ಚುರುಕಾಗುತ್ತದೆ, ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸಿದರೆ ಮಾಲ್ಟಿನ ಸಿಹಿ ಮುಂದೆ ಬರುತ್ತದೆ. ನಲ್ಲಿನೀರಿಗೆ ಬೆರೆಸುವ ಕ್ಲೋರಮಿನ್ನಿನದು ಬೇರೆಯೇ ಕಥೆ. ಕ್ಲೋರಿನ್ನಿನ ಹಾಗೆ ಅದು ಕುದಿಸಿದರೆ ಸುಲಭವಾಗಿ ಹೋಗುವುದಿಲ್ಲ. ಮಾಲ್ಟಿನ ಫೀನಾಲುಗಳೊಡನೆ ಸೇರಿ ಆಸ್ಪತ್ರೆಯ ಬ್ಯಾಂಡೇಜಿನಂಥ ವಾಸನೆ ಕೊಡುತ್ತದೆ. ಅದನ್ನು ತೆಗೆಯಲು ಬಳಸುವ ಸಲ್ಫೈಟಿನ ಕ್ಯಾಂಪ್ಡೆನ್ ಗುಳಿಗೆಯ ಕಾಲು ಭಾಗವನ್ನು ಪುಡಿಮಾಡಿ ಹಾಕಿದರೆ ನಮ್ಮ ಅಳತೆಯ ನೀರಿಗೆ ಸಾಕಾಗುತ್ತದೆ. ಮರುಭೂಮಿಯ ಫೀನಿಕ್ಸಿನಲ್ಲಂತೂ ನಲ್ಲಿಯ ನೀರು ಲವಣಗಳಿಂದ ತುಂಬಿರುವುದರಿಂದ ಅಲ್ಲಿನ ಗೆಳೆಯ ಹೋರಾಟವನ್ನೇ ಬಿಟ್ಟು, ಶುದ್ಧೀಕರಿಸಿದ ನೀರನ್ನು ಕ್ಯಾನುಗಳಲ್ಲಿ ತಂದು ಅದಕ್ಕೆ ಬೇಕಾದ ಲವಣವನ್ನು ತಾನೇ ತೂಗಿ ಹಾಕುತ್ತಾನೆ. ಲಂಡನ್ನಿನವನು ಲ್ಯಾಕ್ಟಿಕ್ ಆಮ್ಲದ ಹನಿಗಳಿಗೆ ಶರಣಾದ. ಹೀಗೆ ಮೂರು ನೀರುಗಳನ್ನೂ ಒಂದೇ ಅಂಕಿಗೆ ತರುವ ಹುಚ್ಚು ಕೆಲಕಾಲ ನಮಗೆ ಹಿಡಿದಿತ್ತು. ಹಾಗೆ ಮಾಡಬಹುದು, ಕಷ್ಟವೇನಲ್ಲ. ಆದರೆ ಆಮೇಲೆ ರುಚಿಯ ಬಗ್ಗೆ ಮಾತನಾಡುವುದಕ್ಕೆ ವಿಷಯವೇ ಕಡಿಮೆಯಾಯಿತೆಂಬುದು ನನ್ನ ಅನಿಸಿಕೆ. ಕರಣಿಕ ಇದನ್ನು ಒಪ್ಪುವುದಿಲ್ಲ.

ಫೀನಿಕ್ಸಿನವನ ನಿಜವಾದ ತೊಂದರೆ ಬಿಸಿಲು. ಏಲ್ ಮಾಡಲು ಬಳಸುವ ಸಾಮಾನ್ಯ ಯೀಸ್ಟಿಗೆ 18ರಿಂದ 20 ಡಿಗ್ರಿಯ ತಂಪು ಬೇಕು. ಸೆಕೆ ಹೆಚ್ಚಿದರೆ ಅದು ಬೇಡದ ವಾಸನೆಗಳನ್ನು ಹುಟ್ಟಿಸಿ, ತಲೆನೋವು ತರುವಂಥ ಖಾರದ ಬಿಯರು ಕೊಡುತ್ತದೆ. ನನ್ನ ನೆಲಮಾಳಿಗೆಯೂ ಲಂಡನ್ನಿನ ಮೆಟ್ಟಿಲ ಕೆಳಗಿನ ಕಪಾಟೂ ಈ ಮಟ್ಟಿಗೆ ಪುಣ್ಯ ಮಾಡಿವೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿನ ಗ್ಯಾರೇಜಿನಲ್ಲಿ ಫ್ರಿಜ್ ಇಲ್ಲದೆ ಏನು ಮಾಡಬೇಕು ಎಂಬ ಪ್ರಶ್ನೆಗೆ ಉತ್ತರ ದೊರೆತದ್ದು ನಾರ್ವೆಯಿಂದ ಎಂದರೆ ಯಾರಿಗಾದರೂ ಆಶ್ಚರ್ಯವಾಗಬೇಕು.

ಪಶ್ಚಿಮ ನಾರ್ವೆಯ ರೈತರು ತಲೆಮಾರುಗಳಿಂದ ಉಳಿಸಿಕೊಂಡು ಬಂದ ಯೀಸ್ಟಿಗೆ ಕ್ವೈಕ್ ಎನ್ನುತ್ತಾರೆ. ಅವರು ಅದನ್ನು ಕೊರೆದ ಮರದ ತುಂಡಿನ ಮೇಲೋ ಹುಲ್ಲಿನ ಬಳೆಯ ಮೇಲೋ ಒಣಗಿಸಿಟ್ಟು, ಮುಂದಿನ ಸಲ ಬಿಸಿ ಆರುವ ಮುನ್ನವೇ ಸಿಹಿನೀರಿಗೆ ಹಾಕುತ್ತಿದ್ದರು. ತಮ್ಮದು ಕೆಟ್ಟುಹೋದರೆ ನೆರೆಮನೆಗೆ ಹೋಗಿ ಕೇಳಿ ತರುತ್ತಿದ್ದರು, ನಮ್ಮ ಮನೆಗಳಲ್ಲಿ ಹೆಪ್ಪಿಗೆಂದು ಬಟ್ಟಲು ಹಿಡಿದು ಪಕ್ಕದ ಮನೆಗೆ ಹೋಗುವ ಹಾಗೆ. ಓಸ್ಲೋದ ಸಾಫ್ಟ್‌ವೇರ್ ಎಂಜಿನಿಯರ್ ಲಾರ್ಸ್ ಮಾರಿಯಸ್ ಗಾರ್ಶೋಲ್ 2014ರಲ್ಲಿ ವೊಸ್ ಪ್ರದೇಶದ ಸಿಗ್ಮಂಡ್ ಯೆರ್ನೆಸ್ ಅವರ ಮನೆಗೆ ಹೋಗಿ, ಅವರು 40 ಡಿಗ್ರಿಯ ಹತ್ತಿರ ಯೀಸ್ಟ್ ಹಾಕುವುದನ್ನು ಕಂಡು ಬೆರಗಾಗಿ ಅದರ ಬಗ್ಗೆ ವಿವರವಾಗಿ ಬರೆದರು. ಪುಸ್ತಕಗಳ ಪ್ರಕಾರ ಆ ಶಾಖದಲ್ಲಿ ಬಿಯರು ಕೆಡಬೇಕಿತ್ತು. ಆದರೆ ಅದಕ್ಕೆ ಕಿತ್ತಳೆಯ ಸುವಾಸನೆ ಬಂದಿತ್ತು. ಅಲ್ಲಿಂದ ಆ ಯೀಸ್ಟ್ ಹವ್ಯಾಸಿಗಳ ಕೈಯಿಂದ ಕೈಗೆ ಜಗತ್ತೆಲ್ಲ ಸುತ್ತಿ, 2018ರಲ್ಲಿ ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದವರು ಸೇರಿದ ಸಂಶೋಧಕರ ತಂಡವೊಂದು ಕ್ವೈಕ್ ತಳಿಗಳು ಇತರ ಬಿಯರ್ ಯೀಸ್ಟುಗಳಿಂದ ವಂಶವಾಹಿಯಲ್ಲೇ ಬೇರೆಯಾದ ಒಂದು ಗುಂಪೆಂದು ತೋರಿಸಿತು. ಈಗ ಪೊಟ್ಟಣದಲ್ಲಿ ಒಣ ಪುಡಿಯಾಗಿಯೂ ಸಿಗುತ್ತದೆ. ದೂರದ ಗೆಳೆಯರು ಕೂಡಿ ಮಾಡುವ ಹವ್ಯಾಸದಿಂದ ಲೋಕಕ್ಕೆ ದೊರೆತ ನಿಜವಾದ ಲಾಭ ಯಾವುದೆಂದು ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ಫೀನಿಕ್ಸಿನ ಗ್ಯಾರೇಜಿನಲ್ಲಿ ವೊಸ್ ಕ್ವೈಕ್ ಮೂರನೆಯ ದಿನಕ್ಕೆ ಕೆಲಸ ಮುಗಿಸುತ್ತದೆ. ತಳದಲ್ಲಿ ಉಳಿದ ಯೀಸ್ಟಿನ ಗಸಿಯನ್ನು ಬೇಕಿಂಗ್ ಕಾಗದದ ಮೇಲೆ ತೆಳುವಾಗಿ ಹರಡಿ ಒಣಗಿಸಿದರೆ ಚಕ್ಕೆಗಳಾಗುತ್ತವೆ. ಅಮೆರಿಕದ ಅಂಚೆಯಲ್ಲಿ ಮದ್ಯ ಕಳಿಸುವಂತಿಲ್ಲ, ಖಾಸಗಿ ಕೊರಿಯರಿನವರೂ ಪರವಾನಗಿಯಿಲ್ಲದವರ ಸೀಸೆಗಳನ್ನು ಒಪ್ಪಿಕೊಳ್ಳುವುದಿಲ್ಲ. ಈ ಚಕ್ಕೆಗಳಿಗೆ ಅಂಥ ಅಡ್ಡಿಯಿಲ್ಲ. ಅವನ ಲಕೋಟೆ ನನಗೆ ತಲುಪಿದ ಮೇಲೆ ನಮ್ಮಿಬ್ಬರ ಬಿಯರುಗಳಲ್ಲಿ ಕಡೇಪಕ್ಷ ಒಂದಂಶವಾದರೂ ಅಕ್ಷರಶಃ ಒಂದೇ ಆಯಿತು.

ಬಿಯರನ್ನು ಕಳಿಸಲಾಗದ್ದರಿಂದ ಉಳಿಯುವುದು ವರ್ಣನೆ ಮಾತ್ರ. ಹವ್ಯಾಸಿಗಳ ಕೈಪಿಡಿಗಳು ಕ್ಯಾಸ್ಕೇಡಿಗೆ ಗ್ರೇಪ್‌ಫ್ರೂಟಿನ ಹೋಲಿಕೆ ಕೊಡುತ್ತವೆ, ನಾವು ಚಕ್ಕೋತ ಎಂದುಕೊಂಡೆವು. ಎಳೆಯದೋ ಕಳಿತದ್ದೋ, ತೊಳೆಯೋ ಸಿಪ್ಪೆಯೋ ಎಂದು ವಾದಿಸುವಷ್ಟು ಅದು ಎಲ್ಲರಿಗೂ ಪರಿಚಿತ. ದೋಷಗಳನ್ನು ಗುರುತಿಸುವಾಗ ಈ ಪರಿಚಯ ಇನ್ನೂ ಮುಖ್ಯ. ಬೆಣ್ಣೆಯ ವಾಸನೆ ಬಂದರೆ ಡೈಅಸಿಟೈಲ್, ಯೀಸ್ಟಿಗೆ ಇನ್ನೂ ಎರಡು ದಿನ ಬಿಡಬೇಕಿತ್ತು. ಬೇಯಿಸಿದ ಮುಸುಕಿನ ಜೋಳದಂತಿದ್ದರೆ ಕುದಿ ಸಾಲದು, ಅಥವಾ ಮುಚ್ಚಳ ಹಾಕಿ ಕುದಿಸಿದ್ದಾರೆ. ನೆಂದ ರಟ್ಟಿನಂತಿದ್ದರೆ ಸೀಸೆಗೆ ತುಂಬುವಾಗ ಗಾಳಿ ಸೇರಿದೆ. ಬೆಂಗಳೂರಿನವನು ಇಲ್ಲಿಗೆ ಬಂದಿದ್ದಾಗ ನನ್ನ ಬಿಯರನ್ನು ಮೊದಲ ಸಲ ಕುಡಿದು, ತನ್ನ ಹಾಳೆಯ ವರ್ಣನೆಗೂ ಇದಕ್ಕೂ ಸಂಬಂಧವಿದೆ ಎಂದಷ್ಟೇ ಹೇಳಿದ. ಅವನ ಮಟ್ಟಿಗೆ ಅದು ಹೊಗಳಿಕೆ.

ಸಲಕರಣೆಗಳ ಹುಚ್ಚಿನ ಬಗ್ಗೆ ಒಂದು ಮಾತು. ಗುಂಡಿ ಒತ್ತಿದರೆ ತಾನೇ ಬಿಸಿಯಾಗಿ, ನೀರನ್ನು ತಾನೇ ಸುತ್ತಿಸಿ, ಫೋನಿಗೆ ಸಂದೇಶ ಕಳಿಸುವ ಯಂತ್ರಗಳು ಈಗ ಸಿಗುತ್ತವೆ, ಲಂಡನ್ನಿನವನ ಬಳಿ ಒಂದಿದೆ. ಇಪ್ಪತ್ತು ಲೀಟರಿನ ಸ್ಟೀಲ್ ಪಾತ್ರೆ, ಕಾಳು ಕಟ್ಟಲು ದೊಡ್ಡ ಬಟ್ಟೆಚೀಲ, ಥರ್ಮಾಮೀಟರ್, ಮುಚ್ಚಳದಲ್ಲಿ ಗಾಳಿಕೊಳವೆಯಿರುವ ಬಕೆಟ್, ತೊಳೆಯುವುದರಲ್ಲಿ ಶ್ರದ್ಧೆ, ಇಷ್ಟಿದ್ದರೆ ಉಳಿದದ್ದೆಲ್ಲ ಅಲಂಕಾರ ಎಂಬುದು ನನ್ನ ಮತ. ಯಂತ್ರದ ಬಿಯರು ನನ್ನದಕ್ಕಿಂತ ಸ್ವಚ್ಛವಾಗಿರುತ್ತದೆಂದು ಅವನು ಹೇಳುತ್ತಾನೆ, ಇರಲಿ.

ಈಗ ನಡೆಯುತ್ತಿರುವ ಚರ್ಚೆ ರಾಗಿಯದು. ಸಿಕ್ಕಿಂ ಮತ್ತು ಪೂರ್ವ ನೇಪಾಳದಲ್ಲಿ ಹುದುಗಿಸಿದ ರಾಗಿಗೆ ಬಿಸಿನೀರು ಸುರಿದು ಬಿದಿರಿನ ಕೊಳವೆಯಲ್ಲಿ ಹೀರುವ ತೊಂಗ್ಬಾ ಇದೆ. ನಾವು ಮಾಡಹೊರಟದ್ದು ಅದಲ್ಲ, ಐದರಲ್ಲಿ ಒಂದು ಪಾಲು ರಾಗಿ ಸೇರಿಸಿದ ಕಂದು ಏಲ್. ರಾಗಿ ಸರಿಗೆ ಮಾಡುವ ಹಾಗೆ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಬೇರು ಉಜ್ಜಿ ತೆಗೆಯುವುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ರಾಗಿಯ ಪಿಷ್ಟ ಬಾರ್ಲಿಯದಕ್ಕಿಂತ ಹೆಚ್ಚು ಶಾಖದಲ್ಲಿ ಬೇಯುವುದರಿಂದ ಅದನ್ನು ಮೊದಲೇ ಗಂಜಿ ಮಾಡಿ, 66 ಡಿಗ್ರಿಗೆ ಆರಿಸಿ ಬಾರ್ಲಿಯೊಡನೆ ಸೇರಿಸಬೇಕು. ಬಾರ್ಲಿಯ ಕಿಣ್ವಗಳೇ ಎರಡಕ್ಕೂ ಸಾಕಾಗುತ್ತವೆ. ರಾಗಿಯಲ್ಲಿ ಸೋಸಲು ನೆರವಾಗುವ ಸಿಪ್ಪೆಯಿಲ್ಲದ ಕಾರಣ ಒಂದು ಹಿಡಿ ಭತ್ತದ ಹೊಟ್ಟನ್ನೂ ಹಾಕುವುದೆಂದು ತೀರ್ಮಾನವಾಗಿದೆ. ಮೊಳಕೆಯ ರಾಗಿಯನ್ನು ಹುರಿಯಬೇಕೇ ಬೇಡವೇ ಎಂಬುದು ಮಾತ್ರ ಇತ್ಯರ್ಥವಾಗಿಲ್ಲ. ಹುರಿದ ಘಮ ಬಿಯರಿಗೆ ಇಳಿಯಬೇಕೆಂದು ನಾನು, ಕಪ್ಪು ಮಾಲ್ಟ್ ಇದ್ದೇ ಇರುವಾಗ ರಾಗಿಯದು ಯಾರಿಗೂ ತಿಳಿಯುವುದಿಲ್ಲವೆಂದು ಲಂಡನ್ನಿನವನು, ಎರಡೂ ಬಗೆಯಲ್ಲಿ ಐದೈದು ಲೀಟರ್ ಮಾಡಿ ನೋಡೋಣವೆಂದು ಫೀನಿಕ್ಸಿನವನು. ಕರಣಿಕ ಹಾಳೆಯಲ್ಲಿ ಆಗಲೇ ಎರಡು ಅಂಕಣ ಎಳೆದಿದ್ದಾನೆ.